ಕೇಳಬಾರದ ಕತ್ತರಿ

“ನಿನ್ನ ಕತ್ತರಿ ಮೊಂಡಾಗಿದೆ ಅಂತ ಕುರುಡರಿಗೂ ಕಾಣುತ್ತೆ ಕಣೋ ಹಾಲೇಶ. ಒಂದು ಹೊಸ ಕತ್ತರಿ ಕೊಡೋಂಥ ಒಬ್ಬನೇ ಒಬ್ಬ ಮನುಷ್ಯನ್ನ ಸಂಪಾದಿಸೋಕೆ ಆಗಲಿಲ್ವಲ್ಲೋ ನಿನ್ನ ಕೈಲಿ, ಈ ಕಸುಬಿಗೆ ಇಳಿದ ಇಪ್ಪತ್ತಮೂರು ವರ್ಷಕ್ಕೆ!”

ಚಂಪಕ್ಕ ಇದನ್ನು ಅಂದದ್ದು ತನ್ನ ಅಂಗಡಿಯ ನಟ್ಟನಡುವೆ, ಮಧ್ಯಾಹ್ನ ಮೂರೂವರೆ ಹೊತ್ತಿಗೆ, ಒಂಬತ್ತು ಹೆಂಗಸರು, ಇಬ್ಬರು ಗಂಡಸರ ಎದುರಿಗೆ. ಅಂದ ಮರುಗಳಿಗೆಯೇ ಅವಳು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡು ಏನು ಬಂತು? ಮಾತು ಆಗಲೇ ಹೊರಗೆ ಬಿದ್ದಿತ್ತು. ಹೆಂಗಸರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಬಸ್ಸಿನ ಚಕ್ರಕ್ಕೆ ಸಿಕ್ಕಿದವನನ್ನು ನೋಡುವ ಹಾಗೆ.

ಬೈಗುಳ ನನಗೆ ಹೊಸದಲ್ಲ. ನನಗೆ ಬೆಳಗ್ಗೆ ಏಳುವಾಗಲೇ ಸಿಟ್ಟು ಇರುತ್ತದೆ, ಮುಖ ತೊಳೆದರೂ ಹೋಗುವುದಿಲ್ಲ. ಅಂಥವನಿಗೆ ಜನ ಬೈಯದೆ ಇನ್ನೇನು ಮಾಡುತ್ತಾರೆ. ಆದರೆ ಇದು ಬರಿಯ ಬೈಗುಳವಾಗಿರಲಿಲ್ಲ.

ನಮ್ಮೂರಲ್ಲಿ ತಾನೇ ಕೊಂಡ ಕತ್ತರಿ ಕತ್ತರಿಸುವುದಿಲ್ಲ. ತಾನೇ ಕೊಂಡ ಕೊಡೆ ಸೋರುತ್ತದೆ, ತಾನೇ ಕೊಂಡ ಗಡಿಯಾರ ಮನೆಯ ಹೊಸ್ತಿಲು ದಾಟಿದ ಕೂಡಲೇ ನಿಲ್ಲುತ್ತದೆ. ಅಕ್ಕಿ, ಬೇಳೆ, ಬಟ್ಟೆಗೆ ಈ ಕಾಟ ಇಲ್ಲ. ಕೈಯಲ್ಲಿ ಹಿಡಿದು ಬಳಸುವ ಸಾಮಾನಿಗೆ ಮಾತ್ರ. ಅದನ್ನು ಇನ್ನೊಬ್ಬರು ತಾವಾಗಿಯೇ ತಂದು ಕೊಡಬೇಕು. ಕೇಳಿ ಇಸಿದುಕೊಂಡಿರೋ, ಸತ್ತ ಸಾಮಾನು. ನಿಮ್ಮ ಪರವಾಗಿ ಬೇರೆಯವರು ಬಾಯಿಬಿಟ್ಟರೂ ಅದು ಕೇಳಿದ್ದೇ. ಆ ಮಾತು ಕಿವಿಗೆ ಬಿದ್ದವರು ಆಮೇಲೆ ಎಷ್ಟು ಪ್ರೀತಿಯಿಂದ ತಂದುಕೊಟ್ಟರೂ ಅದು ಕೆಲಸ ಮಾಡದು. ಹೊರಗಿನ ಊರವರು ಇದನ್ನು ಕೇಳಿ ನಗುತ್ತಾರೆ. ಅವರೂರಲ್ಲಿ ಜನ ತಮ್ಮ ಚಾಕುವನ್ನು ತಾವೇ ಹೋಗಿ ಕೊಂಡು ತರುತ್ತಾರೆಂದು ಕೇಳಿ ನಾವು ಅಯ್ಯೋ ಪಾಪ ಅನ್ನುತ್ತೇವೆ.

ಹಾಗಾಗಿ ಊರಿಗೆಲ್ಲ ಚಂಪಕ್ಕನ ಅಂಗಡಿಯೇ ಗತಿ. ಮೂರು ಮೆಟ್ಟಿಲು ಹತ್ತಿ ಒಳಗೆ ಹೋದರೆ ಗೋಡೆಯುದ್ದಕ್ಕೂ ಕಪಾಟು. ಬೀಜವನ್ನು ತಾನೇ ಹಿಡಿದಿಟ್ಟುಕೊಳ್ಳುವ ನಿಂಬೆ ಹಿಂಡುವ ಇಕ್ಕಳ, ಮಡಚಿ ಗೂಡಿನಲ್ಲಿಡಬಹುದಾದ ತೆಂಗಿನಕಾಯಿ ತುರಿಯುವ ಮಣೆ, ಮಳೆಗಾಲದಲ್ಲೂ ಉಪ್ಪು ನೀರಾಗದ ಡಬ್ಬಿ, ಕೊಕ್ಕಿನಲ್ಲಿ ಬೀಗದ ಕೈ ಕಚ್ಚಿಕೊಂಡು ಕೂರುವ ಹಿತ್ತಾಳೆಯ ಗಿಳಿ. ನೋಡಲಿಕ್ಕೂ ಚೆಂದ, ಬಳಸಲಿಕ್ಕೂ ಚೆಂದ. ದಿನಾ ಮೂರರಿಂದ ಐದರವರೆಗೆ ಅಲ್ಲಿ ‘ನೋಡುವ ಹೊತ್ತು’. ಆಗ ಯಾರೂ ಏನೂ ಕೊಳ್ಳುವ ಹಾಗಿಲ್ಲ, ಸುಮ್ಮನೆ ನೋಡಬೇಕು. ಯಾರು ಯಾವ ಸಾಮಾನಿನ ಮುಂದೆ ಎಷ್ಟು ಹೊತ್ತು ನಿಂತರು ಎಂಬುದನ್ನು ಚಂಪಕ್ಕ ಕಣ್ಣಲ್ಲೇ ಅಳೆದು ಇಟ್ಟುಕೊಳ್ಳುತ್ತಾಳೆ. ಮಾರನೆಯ ದಿನ ಅವರ ಗಂಡನೋ ನಾದಿನಿಯೋ ಬಂದರೆ ಆ ಸಾಮಾನಿನ ಧೂಳನ್ನು ಒಂದೇ ಸಮನೆ ಒರೆಸುತ್ತಾ ನಿಲ್ಲುತ್ತಾಳೆ. ಬಾಯಿಬಿಟ್ಟು ಹೇಳುವುದಿಲ್ಲ. ಕೊಂಡ ಸಾಮಾನಿಗೆ ಹಳದಿ ದಾರ ಕಟ್ಟಿ, ಚೀಟಿಯಲ್ಲಿ ಪಡೆಯುವವರ ಹೆಸರು ಬರೆಯುವುದು ಪದ್ಧತಿ. ಕಪಾಟಿನ ಮುಂದೆ ನಿಟ್ಟುಸಿರು ಬಿಡುವುದು ಕೇಳಿದ ಹಾಗೋ ಅಲ್ಲವೋ ಎಂದು ಊರ ಹಿರಿಯರು ಒಮ್ಮೆ ಎರಡು ದಿನ ಕೂತು ವಾದ ಮಾಡಿದ್ದರು. ಒಂದು ನಿಟ್ಟುಸಿರಿಗೆ ಅಡ್ಡಿಯಿಲ್ಲ, ಅದೇ ಸಾಮಾನಿನ ಮುಂದೆ ಎರಡನೆಯದನ್ನು ಬಿಟ್ಟರೆ ಕೇಳಿದ ಹಾಗೆ ಎಂದು ತೀರ್ಮಾನವಾಯಿತು.

ನಾನು ತಗಡಿನ ಕೆಲಸದವನು. ಚಂಪಕ್ಕನ ಅಂಗಡಿಯ ಮೂಲೆಯ ಕಪಾಟು ಪೂರಾ ನನ್ನ ಕೈಕೆಲಸ. ಓದು ಏಳನೆಯ ಕ್ಲಾಸಿಗೇ ಮುಗಿಯಿತು. ಅಮ್ಮ ತೀರಿಹೋದ ವರ್ಷ ನನಗೆ ಪೆನ್ನು ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಾನೇ ಕೊಂಡದ್ದು ಒಂದು ಗೀರೂ ಎಳೆಯಲಿಲ್ಲ. ಮೇಷ್ಟ್ರು ಯಾಕೋ ಬರೆದಿಲ್ಲ ಎಂದು ಗದರಿದಾಗ ನಾನು ಪೆದ್ದನಂತೆ ಇಡೀ ಕ್ಲಾಸಿನೆದುರು “ನನಗೊಂದು ಪೆನ್ನು ಬೇಕು ಸಾರ್” ಅಂದುಬಿಟ್ಟೆ. ಅಲ್ಲಿಗೆ ಮುಗಿಯಿತು. ಆ ಮೇಲೆ ಮೂರು ಪೆನ್ನು ಬಂದವು, ಮೂರೂ ಒಣ ಕಡ್ಡಿ. ಊರಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಖಾಸಿಂ ಸಾಬರು ಕರೆದು ತಮ್ಮ ಕೆಲಸದ ಕೊಟ್ಟಿಗೆಯಲ್ಲಿ ಕೂರಿಸಿಕೊಂಡು, ಏನೂ ಮಾತಾಡದೆ ತಗಡು ಕತ್ತರಿಸುವ ಒಂದು ಕತ್ತರಿಯನ್ನು ನನ್ನ ತೊಡೆಯ ಮೇಲಿಟ್ಟರು. ಸಾಬರು ತೀರಿಕೊಂಡು ಆರು ವರ್ಷವಾಯಿತು. ಸಾಣೆ ಹಿಡಿಸಿ ಹಿಡಿಸಿ ಆ ಕತ್ತರಿಯ ಬಾಯಿ ಸವೆದು, ನಡುವಿನ ಮೊಳೆ ಸಡಿಲವಾಗಿ, ತಗಡನ್ನು ಕತ್ತರಿಸುವ ಬದಲು ಅಗಿಯತೊಡಗಿತ್ತು.

ಯಾರಿಗೆ ಹೇಳಲಿ? ಹೇಳಿದರೆ ಕೇಳಿದ ಹಾಗೆ. ಬಾಯಿ ಮುಚ್ಚಿಕೊಂಡು ಅದರಲ್ಲೇ ಕೆಲಸ ಮಾಡಿದೆ.

ಎಡವಟ್ಟಾಗಿದ್ದು ಹಾಲಿನ ಮುಚ್ಚಳದಲ್ಲಿ. ಅದು ನಾನೇ ತಲೆ ಓಡಿಸಿ ಮಾಡಿದ್ದು. ತಗಡಿನ ಮುಚ್ಚಳ, ನಡುವೆ ಒಂದು ಸಣ್ಣ ಸೀಟಿ. ಹಾಲು ಉಕ್ಕುವುದಕ್ಕೆ ಅರೆಗಳಿಗೆ ಮುಂಚೆ ಕೂಗುತ್ತದೆ. ಊರಲ್ಲಿ ಅದಕ್ಕೆ ಬಲು ಬೇಡಿಕೆ. ಕೆಳಗಿನ ಬೀದಿಯ ನೀಲಮ್ಮನವರು ತಮ್ಮ ಮಗಳ ಅತ್ತೆಗೆ, ಮೊಮ್ಮಗುವಿನ ತೊಟ್ಟಿಲ ಶಾಸ್ತ್ರದ ದಿನ, ಅದನ್ನೇ ಕೊಟ್ಟರು. ಬೀಗಿತ್ತಿ ಎಲ್ಲರೆದುರು ಒಲೆ ಹಚ್ಚಿ ಹಾಲಿಟ್ಟು ಮುಚ್ಚಳ ಹಾಕಿದರು. ಮುಚ್ಚಳ ಕೂಗಲಿಲ್ಲ. ಹಾಲು ಉಕ್ಕಿ ಒಲೆ, ಕಟ್ಟೆ, ಬೀಗಿತ್ತಿಯ ಹೊಸ ಸೀರೆ ಎಲ್ಲ ತೊಯ್ದು ಹೋಯಿತು. ಬೇರೆ ಊರಾಗಿದ್ದರೆ ಮುಚ್ಚಳ ಸರಿಯಿಲ್ಲ ಅನ್ನುತ್ತಿದ್ದರು. ನಮ್ಮೂರಲ್ಲಿ ಸಾಮಾನು ಕೆಲಸ ಮಾಡದಿದ್ದರೆ ಜನ ನೋಡುವುದು ಕೊಟ್ಟವರ ಮನಸ್ಸನ್ನು. “ಮನಸ್ಸಿಲ್ಲದೆ ಕೊಟ್ಟಿದ್ದೀರಿ, ಇನ್ನು ಮಗಳನ್ನೂ ಹಾಗೇ ಕೊಟ್ಟಿರಬೇಕು” ಎಂದರಂತೆ ಬೀಗಿತ್ತಿ. ನೀಲಮ್ಮನವರು ಅಳುತ್ತಾ ಆ ಮುಚ್ಚಳ ಹಿಡಿದು ಚಂಪಕ್ಕನ ಅಂಗಡಿಗೆ ಬಂದರು. ಅದೇ ಹೊತ್ತಿಗೆ ನಾನು ಇನ್ನೊಂದು ಹೊರೆ ಮುಚ್ಚಳ ಹೊತ್ತುಕೊಂಡು ಮೆಟ್ಟಿಲು ಹತ್ತಿದೆ. ಚಂಪಕ್ಕ ಮುಚ್ಚಳದ ಅಂಚನ್ನು ಬೆರಳಲ್ಲಿ ಸವರಿ ನೋಡಿದಳು. ಒಂದು ಕಡೆ ಕೂದಲೆಳೆಯಷ್ಟು ಉಬ್ಬಿತ್ತು. ಆ ಉಬ್ಬಿನಿಂದ ಹಬೆಯೆಲ್ಲ ಪಕ್ಕದಲ್ಲೇ ಸೋರಿ ಹೋಗಿತ್ತು. ಆಗಲೇ ಅವಳು ಮೇಲಿನ ಮಾತು ಅಂದದ್ದು.

ಮುಚ್ಚಳಗಳನ್ನು ಅಲ್ಲೇ ಕುಕ್ಕಿ ಹೊರಟುಬಂದೆ. ಸಂಜೆಯೊಳಗೆ ಊರಿನ ಎಲ್ಲ ಕಿವಿಗೂ ಸುದ್ದಿ ಬಿದ್ದಿತ್ತು. ಹಾಲೇಶನಿಗೆ ಕತ್ತರಿ ಬೇಕು. ಅಂದರೆ ಹಾಲೇಶನಿಗೆ ಇನ್ನು ಕತ್ತರಿ ಇಲ್ಲ.

ಸಿಟ್ಟಿನ ಜತೆಗೆ ನನ್ನೊಳಗೆ ಒಂದು ಕುತೂಹಲವೂ ಹುಟ್ಟಿತು. ಈ ಊರಲ್ಲಿ ಆ ಮಾತು ಕಿವಿಗೆ ಬೀಳದವರು ಒಬ್ಬರಾದರೂ ಉಳಿದಿರಬೇಕಲ್ಲ? ಮೊದಲು ಗಡಿಯಾರ ರಿಪೇರಿಯ ಕೆಂಚಪ್ಪಜ್ಜನ ಹತ್ತಿರ ಹೋದೆ. ಅವರಿಗೆ ಎರಡೂ ಕಿವಿ ಕೇಳಿಸದು. ನನ್ನನ್ನು ಕಂಡದ್ದೇ ಅಜ್ಜ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿ, ಲೊಚಗುಟ್ಟಿ, ತಲೆ ಅಲ್ಲಾಡಿಸಿದರು. ಸೊಸೆ ಸನ್ನೆ ಮಾಡಿ ಹೇಳಿದ್ದಳು. ಆಮೇಲೆ ನೆನಪಾದದ್ದು ಸೋಡಾ ಸಿದ್ಧಪ್ಪಣ್ಣ. ನಾಲ್ಕು ದಿನದಿಂದ ಮಗಳ ಊರಲ್ಲಿದ್ದರು, ಮಾರನೆಯ ದಿನ ಹನ್ನೊಂದರ ಬಸ್ಸಿಗೆ ಬರುವವರಿದ್ದರು. ಬಸ್ಸು ಊರು ಮುಟ್ಟುವ ಮೊದಲೇ ಹಿಡಿಯಬೇಕೆಂದು ಹೊಳೆಯ ಸೇತುವೆಯವರೆಗೂ ನಡೆದು, ಕೈ ಅಡ್ಡ ಹಾಕಿ ಬಸ್ಸು ಹತ್ತಿ ಅವರ ಪಕ್ಕ ಕೂತೆ.

“ಆರಾಮಾ ಸಿದ್ಧಪ್ಪಣ್ಣ?” ಅಂದು ನಕ್ಕೆ. ನಾನು ನಕ್ಕು ವರ್ಷಗಳಾಗಿದ್ದವು, ಕೆನ್ನೆ ನೋಯಿತು.

ಅವರು ಗಾಬರಿಯಿಂದ ಕಿಟಕಿಯ ಕಡೆ ಸರಿದರು. “ಏನೋ ಹಾಲೇಶ, ಮೈ ಹುಷಾರಿಲ್ವಾ? ಜ್ವರ ಗಿರ ಏನಾದ್ರೂ?”

“ಇಲ್ಲಣ್ಣ, ಚೆನ್ನಾಗಿದೀನಿ. ಕೈ ನೋಡಿ, ಸ್ವಲ್ಪ ತಗಡು ಗೀರಿದೆ ಅಷ್ಟೇ.” ಇದು ಒಂದು ನಿಟ್ಟುಸಿರಿನ ಲೆಕ್ಕಕ್ಕೆ ಬರುತ್ತದೆ ಎಂದು ಮೊದಲೇ ಯೋಚಿಸಿಕೊಂಡಿದ್ದೆ.

ಸಿದ್ಧಪ್ಪಣ್ಣ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಕಣ್ಣಲ್ಲಿ ಏನೋ ಕರಗಿತು. “ಗೊತ್ತಾಯ್ತಪ್ಪ,” ಅಂದರು, “ಕತ್ತರಿ ವಿಷಯ ತಾನೆ? ಬಸ್ ಹತ್ತುವಾಗಲೇ ಕಂಡಕ್ಟರ್ ಹೇಳಿದ. ನಿನ್ನೆ ಕೊನೇ ಟ್ರಿಪ್ಪಲ್ಲಿ ಅವನಿಗೆ ಯಾರೋ ಹೇಳಿದರಂತೆ. ಆ ಚಂಪಕ್ಕನ ಬಾಯಿಗಿಷ್ಟು ಮಣ್ಣು ಹಾಕ.”

ಕಂಡಕ್ಟರ್ ಹಿಂದಿನ ಸೀಟಿನಿಂದ, “ಅಯ್ಯೋ, ಹೇಳಬಾರದಿತ್ತಾ ಬ್ರದರ್?” ಅಂದ. ನಾನು ಅಲ್ಲೇ ಇಳಿದುಬಿಟ್ಟೆ.

ಮೂರನೆಯ ದಿನ ನೀಲಮ್ಮನವರು ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಅದೇ ಮುಚ್ಚಳ. “ಮಗಳು ಫೋನೂ ಎತ್ತುತ್ತಿಲ್ಲ ಕಣಪ್ಪ. ಅತ್ತೆ ಎದುರಿಗೆ ನನ್ನ ಹೆಸರು ಹೇಳೋ ಹಾಗಿಲ್ಲವಂತೆ. ನಾನು ಮನಸ್ಸಾರೆನೇ ಕೊಟ್ಟೆ. ಇದನ್ನ ಹೇಗಾದ್ರೂ ಸರಿಮಾಡಿಕೊಡು.”

“ಆಗಲ್ಲ,” ಅಂದೆ. ಒಳಗಿನ ಸಂಕಟ ಹೊರಗೆ ಬರುವಾಗ ಸಿಟ್ಟಾಗಿಯೇ ಬರುತ್ತದೆ, ನನ್ನ ರೋಗ ಅದು. “ಕೂದಲೆಳೆಯಷ್ಟು ಅಂಚು ತೆಗೀಬೇಕು. ಉಜ್ಜಿದರೆ ತಗಡು ಮುದುಡುತ್ತೆ. ಕತ್ತರಿಸಬೇಕು. ಇದರಲ್ಲಿ ಕತ್ತರಿಸಲಾ?” ಎಂದು ಸಾಬರ ಕತ್ತರಿಯನ್ನು ಅವರೆದುರು ಎತ್ತಿ ಹಿಡಿದೆ. ಹಿಡಿದ ರಭಸಕ್ಕೆ ನಡುವಿನ ಮೊಳೆ ಕಳಚಿ ಬಿತ್ತು. ಎರಡು ಭಾಗ ಎರಡು ಕೈಗೆ ಬಂದವು.

ನೀಲಮ್ಮನವರು ತಗಡು ಬಡಿಯುವ ಅಡಿಗಲ್ಲಿನ ಪಕ್ಕದ ಮಣೆಯ ಮೇಲೆ ಕೂತರು. “ಒಂದು ಮಾತು ಹೇಳಲೋ ಬೇಡವೋ ಗೊತ್ತಾಗ್ತಿಲ್ಲ. ಹೇಳಿದರೆ ಕೆಟ್ಟುಹೋಗುತ್ತಾ?”

“ಏನು?”

“ತೊಟ್ಟಿಲ ಶಾಸ್ತ್ರಕ್ಕೆ ಅಂತ ಮುಚ್ಚಳ ತಗೊಂಡೆನಲ್ಲ, ಆವತ್ತು ಚಂಪಕ್ಕ ದಾರಕ್ಕೆ ಅಂತ ಮೇಜಿನ ಡ್ರಾ ಎಳೆದಳು. ಒಳಗೆ ಒಂದು ಕತ್ತರಿ ಇತ್ತು. ಹೊಲಿಗೇದಲ್ಲ, ದಪ್ಪ ಹಿಡಿಯ ಕತ್ತರಿ. ಹಳದಿ ದಾರ ಕಟ್ಟಿತ್ತು. ಚೀಟಿ ಮೇಲೆ ನಿನ್ನ ಹೆಸರು.”

ಕೈಯಲ್ಲಿದ್ದ ಎರಡು ತುಂಡನ್ನೂ ನೆಲದ ಮೇಲಿಟ್ಟೆ.

“ಅವಳು ಆ ಮಾತು ಅನ್ನೋಕೆ ಎಂಟು ದಿನ ಮುಂಚೆ ಕಣೋ ಇದು,” ಎಂದು ನೀಲಮ್ಮನವರು ಪಿಸುಗುಟ್ಟಿದರು. “ಮುಂಚೇನೇ ತಂದು ಹೆಸರು ಕಟ್ಟಿದ್ದಕ್ಕೆ ಆಮೇಲಾಡಿದ ಮಾತು ತಾಗುತ್ತಾ?”

ತಾಗುತ್ತದೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ. ಊರ ಹಿರಿಯರು ನಿಟ್ಟುಸಿರಿನ ಬಗ್ಗೆ ತೀರ್ಮಾನ ಮಾಡಿದ್ದರೇ ಹೊರತು ಇದರ ಬಗ್ಗೆ ಅಲ್ಲ. ನಾನು ಹೋಗಿ ಕೇಳುವ ಹಾಗಿಲ್ಲ. ಅವರು ನನ್ನ ಪರವಾಗಿ ಹೇಳುವ ಹಾಗೂ ಇಲ್ಲ. ಡ್ರಾ ಒಳಗೆ ಒಂದು ಕತ್ತರಿ ಬದುಕಿದೆಯೋ ಸತ್ತಿದೆಯೋ ತಿಳಿಯದೆ ಬಿದ್ದಿತ್ತು. ನನಗಿದ್ದ ದಾರಿ ಒಂದೇ, ನೋಡುವ ಹೊತ್ತಿಗೆ ಹೋಗಿ ನಿಲ್ಲುವುದು.

ಹೋಗಿ ನಿಂತೆ. ನಿಂಬೆ ಇಕ್ಕಳದ ಮುಂದೆ ಎರಡು ಗಂಟೆ. ಡ್ರಾ ಕಡೆ ಕಣ್ಣೆತ್ತಲಿಲ್ಲ, ಉಸಿರನ್ನೂ ಅಳತೆ ಮಾಡಿ ಬಿಟ್ಟೆ. ಹೆಂಗಸರು ನನಗೆ ಜಾಗ ಬಿಟ್ಟು ಗೋಡೆಗೊತ್ತಿ ನಿಂತರು. “ಇವನಿಗೆ ಯಾಕಮ್ಮ ನಿಂಬೆಹಣ್ಣಿನ ಯೋಚನೆ?” ಎಂದು ಒಬ್ಬಳು ಅಂದದ್ದು ಕೇಳಿಸಿತು. “ಪಿತ್ತಕ್ಕಿರಬೇಕು ಬಿಡೆ,” ಎಂದಳು ಇನ್ನೊಬ್ಬಳು. ಚಂಪಕ್ಕ ನನ್ನ ಕಡೆ ನೋಡಲಿಲ್ಲ. ಗಿಳಿಯ ಬೆನ್ನನ್ನು ಒರೆಸಿದಳು, ಉಪ್ಪಿನ ಡಬ್ಬಿಯನ್ನು ಒರೆಸಿದಳು, ಮತ್ತೆ ಗಿಳಿಯನ್ನೇ ಒರೆಸಿದಳು. ಐದು ಹೊಡೆಯಿತು. ಬಂದೆ.

ಎರಡನೆಯ ದಿನವೂ ಅಷ್ಟೇ. ಆದರೆ ಅವತ್ತು ನಾನು ಒಂದು ಸಂಗತಿ ಗಮನಿಸಿದೆ. ಚಂಪಕ್ಕ ಮೂರು ಸಲ ಡ್ರಾದ ಹಿಡಿಗೆ ಕೈ ಹಾಕಿದಳು, ಮೂರು ಸಲವೂ ಬಿಸಿ ತಗಲಿದವಳ ಹಾಗೆ ಕೈ ಹಿಂದೆಗೆದಳು. ಅವಳಿಗೇನು ಭಯ? ರಾತ್ರಿಯ ಊಟ ಮಾಡುವಾಗ ಅದೇ ಯೋಚನೆ. ತುತ್ತು ಬಾಯಿಗೆ ಹೋಗುವ ಮೊದಲೇ ಹೊಳೆಯಿತು. ಈ ಊರಿಗೆಲ್ಲ ಕೊಡುವುದನ್ನು ಕಲಿಸಿದವಳು ಅವಳು. ಅವಳೇ ಕೊಟ್ಟದ್ದು ಎಲ್ಲರೆದುರು ಕೆಲಸ ಮಾಡದೆ ಹೋದರೆ? ಬೀಗಿತ್ತಿ ನೀಲಮ್ಮನವರಿಗೆ ಅಂದದ್ದನ್ನೇ ಊರು ಅವಳಿಗೆ ಅನ್ನುತ್ತದೆ. ಮೊದಲ ಸಲ ನನಗೆ ಅವಳ ಮೇಲಿನ ಸಿಟ್ಟು ಎಲ್ಲಿಟ್ಟೆನೆಂದು ಹುಡುಕಬೇಕಾಯಿತು.

ಮೂರನೆಯ ದಿನ ಅಂಗಡಿ ತುಂಬಿತ್ತು. ನೀಲಮ್ಮನವರೂ ಬಂದಿದ್ದರು, ಮುಚ್ಚಳ ಸೆರಗಿನೊಳಗೆ. ನಾನು ನಿಂಬೆ ಇಕ್ಕಳದ ಮುಂದೆ ನಿಂತು ಅರ್ಧ ಗಂಟೆಯೂ ಆಗಿರಲಿಲ್ಲ, ಡ್ರಾ ಎಳೆದ ಸದ್ದಾಯಿತು. ಚಂಪಕ್ಕ ಮೇಜಿನ ಮೇಲೆ ಕತ್ತರಿ ಇಟ್ಟಳು. ಹಳದಿ ದಾರ ಸ್ವಲ್ಪ ಮಾಸಿತ್ತು.

“ಎಲ್ಲರೂ ಕೇಳಿಸಿಕೊಳ್ಳಿ,” ಅಂದಳು. ದನಿ ಒಡೆದಿತ್ತು. “ಇದು ನಾನು ಆ ಹಾಳು ಮಾತು ಆಡೋಕೆ ಮುಂಚೆ ತರಿಸಿದ್ದು. ಇವನ ಮುಚ್ಚಳದ ಅಂಚು ಸೊಟ್ಟ ಆಗ್ತಿದೆ ಅಂತ ಎರಡು ತಿಂಗಳ ಹಿಂದೇನೇ ಕಂಡಿತ್ತು ನನಗೆ. ಇವನು ಒಂದು ದಿನ ನೆಟ್ಟಗೆ ಮುಖ ಇಟ್ಟುಕೊಂಡು ಬರಲಿ, ಕೊಡೋಣ ಅಂತ ಕಾದೆ. ಬರಲಿಲ್ಲ. ಕಾದು ಕಾದು ನನ್ನ ಬಾಯಿಂದನೇ ಹಾಳುಮಾಡಿಕೊಂಡೆ. ಇನ್ನು ಇದು ಕೆಲಸ ಮಾಡುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಡದಿದ್ದರೆ ನೀವು ಏನು ಬೇಕಾದರೂ ಅನ್ನಿ. ತಗೋ ಹಾಲೇಶ.”

ನೀಲಮ್ಮನವರು ಸೆರಗಿನಿಂದ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ದಾರ ಬಿಚ್ಚಿದೆ. ಕತ್ತರಿ ತಣ್ಣಗಿತ್ತು, ಕೈಗೆ ಭಾರವಾಗಿತ್ತು. ಮುಚ್ಚಳದ ಉಬ್ಬಿದ ಅಂಚಿಗೆ ಬಾಯಿ ಕೊಟ್ಟು ಒತ್ತಿದೆ.

ತಗಡು ಸದ್ದೇ ಮಾಡಲಿಲ್ಲ. ಕೂದಲೆಳೆಯಂಥ ಒಂದು ಪಟ್ಟಿ ಸುರುಳಿ ಸುತ್ತಿಕೊಂಡು ಮೇಜಿನ ಮೇಲೆ ಬಿತ್ತು, ಸೌತೆಕಾಯಿಯ ಸಿಪ್ಪೆಯ ಹಾಗೆ. ಯಾರೋ “ಅಬ್ಬಾ” ಅಂದರು. ಚಂಪಕ್ಕ ಆ ಸುರುಳಿಯನ್ನು ಬೆರಳಲ್ಲಿ ಎತ್ತಿಕೊಂಡು ಬೆಳಕಿಗೆ ಹಿಡಿದಳು. ನಾನು ಅಂಚನ್ನು ಸುತ್ತಲೂ ಸವರಿ ನೋಡಿ ಮುಚ್ಚಳವನ್ನು ನೀಲಮ್ಮನವರಿಗೆ ಕೊಟ್ಟೆ. ಅವರು ಚಪ್ಪಲಿಯನ್ನೂ ಮೆಟ್ಟದೆ ಬೀಗಿತ್ತಿಯ ಮನೆಗೆ ಓಡಿದರು. ಅಂಗಡಿಯಿಂದ ನಾಲ್ಕನೆಯ ಮನೆ.

ನಾವೆಲ್ಲ ಕಾದೆವು. ಅಲ್ಲಿ ಜಗಳದ ಎರಡು ದನಿ ಕೇಳಿಸಿತು, ಆಮೇಲೆ ಒಂದೇ ದನಿ, ಆಮೇಲೆ ಪಾತ್ರೆ ಇಟ್ಟ ಸದ್ದು. ಹಾಲು ಕಾಯುವಷ್ಟು ಹೊತ್ತು ಯಾರೂ ಜಾಗ ಬಿಟ್ಟು ಕದಲಲಿಲ್ಲ. ಒಬ್ಬಾಕೆ ಉಪ್ಪಿನ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ನಿಂತಿದ್ದಳು. ಕೊನೆಗೆ ಸೀಟಿ ಕೂಗಿತು. ಸಣ್ಣಗೆ ಶುರುವಾಗಿ ಇಡೀ ಬೀದಿಗೆ ಕೇಳಿಸುವ ಹಾಗೆ ಏರಿತು. ಹಿಂದೆಯೇ ಬೀಗಿತ್ತಿಯ ದನಿ: “ಅಯ್ಯೋ ನಮ್ಮವ್ವ, ಒಳಗೆ ಬನ್ನಿ, ಕೂತ್ಕೊಳ್ಳಿ, ಕೂಸನ್ನ ಎತ್ತಿಕೊಳ್ಳಿ!”

ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ನನ್ನ ಬಾಯಿಗೂ ಏನೋ ಬಂತು. ಒಂದು ಮಾತು. ಅಂಥ ಮಾತು ನಾನು ಯಾರಿಗೂ ಆಡಿದವನಲ್ಲ, ಹೇಗೆ ಶುರು ಮಾಡಬೇಕೆಂದೂ ಗೊತ್ತಿರಲಿಲ್ಲ. ಆದರೆ ಬಂದಿತ್ತು, ನಾಲಿಗೆಯ ತುದಿವರೆಗೂ ಬಂದಿತ್ತು. ಚಂಪಕ್ಕನ ಕಡೆ ತಿರುಗಿದೆ.

ಅವಳು ಮೇಜನ್ನು ಬಳಸಿಕೊಂಡು ಈಚೆಗೆ ಬಂದಳು. ಕಣ್ಣು ತುಂಬಿತ್ತು. ನನ್ನ ತೋಳು ಹಿಡಿದುಕೊಂಡಳು. “ಆವತ್ತು ಎಲ್ಲರೆದುರು ಅಂದುಬಿಟ್ಟೆ ಕಣೋ. ಆವತ್ತಿಂದ ಅನ್ನ ಸೇರಿಲ್ಲ ನನಗೆ. ಕ್ಷಮಿಸಿದ್ದೀನಿ ಅಂತ ಒಂದು ಮಾತು ಅನ್ನೋ ಹಾಲೇಶ. ಇಷ್ಟೇ ನಾನು ನಿನ್ನ ಕೇಳೋದು.”

ಕೇಳಿಬಿಟ್ಟಳು.

ಹೆಂಗಸರ ಕೈಗಳೆಲ್ಲ ಒಟ್ಟಿಗೆ ಬಾಯಿಗೆ ಹೋದವು. “ಅಯ್ಯೋ ಚಂಪಕ್ಕಾ,” ಎಂದು ಯಾರೋ ನರಳಿದರು, “ಅವನಾಗೇ ಕೊಡ್ತಿದ್ದನಲ್ಲೇ!” ಚಂಪಕ್ಕನಿಗೂ ಆಗಲೇ ಅರಿವಾಯಿತು. ತೋಳಿನ ಮೇಲಿನ ಅವಳ ಹಿಡಿತ ಸಡಿಲಿತು. ಆದರೂ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

ಮಾತು ಇನ್ನೂ ನಾಲಿಗೆಯ ಮೇಲೇ ಇತ್ತು. ಕೇಳಿದ ಮೇಲೆ ಕೊಟ್ಟರೆ ಕ್ಷಮೆಯೂ ಸತ್ತ ಸಾಮಾನೇ, ಅವಳು ಮನೆಗೆ ಒಯ್ಯುವುದು ನನ್ನ ಆ ಪೆನ್ನುಗಳಂಥ ಒಣ ಕಡ್ಡಿಯನ್ನು. ಯಾವಾಗಲೋ ಒಂದು ದಿನ, ಅವಳು ಮರೆತಿರುವಾಗ, ಗಿಳಿ ಒರೆಸುತ್ತಾ ನಿಂತಿರುವಾಗ, ಸುಮ್ಮನೆ ಹೋಗಿ ಮೇಜಿನ ಮೇಲೆ ಇಡಬೇಕು ಅದನ್ನು. ಹಲ್ಲು ಕಚ್ಚಿ ಅದನ್ನು ಒಳಗೇ ಹಿಡಿದುಕೊಂಡೆ. ನೋಡುವವರಿಗೆ ಸಿಟ್ಟಿನ ಹಾಗೆಯೇ ಕಂಡಿರಬೇಕು. ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉತ್ತರ ಕೊಡದೆ, ಮೂರು ಮೆಟ್ಟಿಲು ಇಳಿದು ನಡೆದೆ.